ಚೆಲುವಯ್ಯನ ಕೆನ್ನೆ

ಮಂಗಳವಾರ ನಾನು ಗಡ್ಡಕ್ಕೆ ಕೈ ಹಚ್ಚುವುದಿಲ್ಲ. ನಮ್ಮ ಮನೆಯಲ್ಲಿ ಇದೊಂದು ನಗೆಪಾಟಲಿನ ವಿಷಯ. ರಾಹುಕಾಲದಲ್ಲೇ ಚೀಲ ಹಿಡಿದು ಊರಿಗೆ ಹೊರಡುವವರು, ಗ್ರಹಣದಲ್ಲಿ ಉಪ್ಪಿಟ್ಟು ತಿನ್ನುವವರು, ಮಂಗಳವಾರ ಬಂತೆಂದರೆ ಮುಳ್ಳುಗಡ್ಡ ಬಿಟ್ಟುಕೊಂಡು ಆರತಕ್ಷತೆಗೂ ಹೋಗಿಬಿಡುತ್ತೀರಲ್ಲ, ಇದೆಂಥ ಮಡಿ ಎಂದು ನನ್ನವಳು ಕೇಳುತ್ತಾಳೆ. ಮಡಿಯೂ ಅಲ್ಲ, ಮಣ್ಣೂ ಅಲ್ಲ, ಹೆದರಿಕೆ. ಮಂಗಳವಾರ ಕತ್ತಿ ಕಂಡರೆ ನನಗೆ ಚಾಮರಾಜನಗರದ ಒಂದು ಹಿತ್ತಿಲು ನೆನಪಾಗುತ್ತದೆ, ಗಂಟಲ ಹತ್ತಿರ ತಣ್ಣಗೆ ಏನೋ ಹರಿದ ಹಾಗಾಗುತ್ತದೆ. ಇಷ್ಟು ವರ್ಷವಾದರೂ ಆ ದಿಗಿಲು ಹೋಗಿಲ್ಲ.

ಐವತ್ತರ ದಶಕದ ಮಾತು. ಮೈಸೂರಿನಲ್ಲಿ ಬೆಳೆದು, ಮೈಸೂರಿನಾಚೆಗೆ ಹುಲಿ ಆನೆಗಳೇ ಇರುತ್ತವೆ ಎಂದು ನಂಬಿದ್ದ ನನ್ನನ್ನು ಗುಂಡ್ಲುಪೇಟೆಯ ಮಿಡ್ಲ್ ಸ್ಕೂಲಿಗೆ ಮೇಷ್ಟರನ್ನಾಗಿ ಹಾಕಿದರು. ಟ್ರಂಕು, ಹಾಸಿಗೆಯ ಸುರುಳಿ ಮತ್ತು ನನ್ನದೇ ಒಂದು ಕನ್ನಡಿ ತೆಗೆದುಕೊಂಡು ಹೋದೆ. ಕನ್ನಡಿ ಯಾಕೆ ಎನ್ನುತ್ತೀರಿ. ಆಗ ನನ್ನ ತಲೆಯಲ್ಲಿ ಕೂದಲಿತ್ತು, ಕೂದಲಿನ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಬೇಗೂರು ದಾಟುವಷ್ಟರಲ್ಲಿ ಬಸ್ಸಿನ ಕುಲುಕಾಟಕ್ಕೆ ಕನ್ನಡಿ ಎರಡು ಹೋಳಾಗಿತ್ತು. ಹಾಗಾಗಿ ಊರಿಗೆ ಕಾಲಿಟ್ಟ ಮಾರನೆಯ ದಿನವೇ ಚೆಲುವಯ್ಯನ ಅಂಗಡಿಗೆ ಹೋಗಬೇಕಾಯಿತು.

ಬಸ್ ಸ್ಟ್ಯಾಂಡಿನ ಎದುರಿಗೆ, ತಗಡಿನ ಸೂರಿನ ಕ್ಷೌರದ ಅಂಗಡಿ. ಮರದ ಒಂದು ಕುರ್ಚಿ, ಅದರ ಮೋಟು ಕಾಲಿಗೆ ಹೆಂಚಿನ ಚೂರು. ಗೋಡೆಯ ಮೇಲೆ ಮಾದಪ್ಪನ ಪಟ. ಅದರ ಕೆಳಗಿನ ದೊಡ್ಡ ಕನ್ನಡಿಯ ಕೆಳಭಾಗದಲ್ಲಿ ರಸ ಹೋಗಿ, ಕುಳಿತವನಿಗೆ ತನ್ನ ಮೂಗಿನವರೆಗೆ ಮಾತ್ರ ಕಾಣುತ್ತಿತ್ತು. ಗದ್ದದ ವಿಚಾರದಲ್ಲಿ ಚೆಲುವಯ್ಯನನ್ನು ನಂಬಲೇಬೇಕು. ಊರೆಲ್ಲ ನಂಬಿತ್ತು. ಅವನ ಕತ್ತಿ ಕೆನ್ನೆಯ ಮೇಲೆ ಹೋದದ್ದೇ ತಿಳಿಯುತ್ತಿರಲಿಲ್ಲ. ಊಟಿಗೆ, ಬತ್ತೇರಿಗೆ ಹೋಗುವ ಲಾರಿ ಡ್ರೈವರುಗಳು ಅವನ ಕುರ್ಚಿಯಲ್ಲಿ ಕುಳಿತ ಕೂಡಲೇ ಗೊರಕೆ ಹೊಡೆಯುತ್ತಿದ್ದರು. ಅವರು ತಮಿಳಿನಲ್ಲಿ ಅಂದರೆ ತಮಿಳಿನಲ್ಲಿ, ಮಲಯಾಳದಲ್ಲಿ ಅಂದರೆ ಮಲಯಾಳದಲ್ಲಿ, ತಪ್ಪೋ ಒಪ್ಪೋ ಉತ್ತರ ಕೊಟ್ಟು ನಗಿಸಿ ಕಳಿಸುವವನು ಚೆಲುವಯ್ಯ. ಗಿರಾಕಿಯ ಮನೆಯಲ್ಲಿ ಸಾವಾಗಿದ್ದರೆ ಅವನೇ ಮೊದಲು ಹೋಗುತ್ತಿದ್ದ, ಮದುವೆಯಾದರೆ ಅವನೇ ಕೊನೆಗೆ ಉಣ್ಣುತ್ತಿದ್ದ.

ನನ್ನ ಬಾಡಿಗೆಯ ಕೋಣೆ ಅವನ ಮನೆಯ ಮಗ್ಗುಲಿಗೇ ಇತ್ತು. ಬೆಳಗ್ಗೆ ಹಲ್ಲುಜ್ಜುತ್ತ ಹೊರಗೆ ಬಂದರೆ ಜಗಲಿಯ ಮೇಲೆ ಅವನ ಮೂವರು ಹೆಣ್ಣುಮಕ್ಕಳು ಒಬ್ಬರ ಹಿಂದೊಬ್ಬರು ಕುಳಿತಿರುತ್ತಿದ್ದರು. ಅಪ್ಪ ಹಿಂದೆ ಮಂಡಿಯೂರಿ, ಬಾಯಲ್ಲಿ ರಿಬ್ಬನ್ನು ಕಚ್ಚಿಕೊಂಡು, ಜಡೆ ಹೆಣೆಯುತ್ತಿದ್ದ. ಹೆಂಡತಿ ಪುಟ್ಟಮ್ಮ ಮಕ್ಕಳ ತಲೆಗೆ ಬಾಚಣಿಗೆ ಮುಟ್ಟಿಸುವ ಹಾಗಿರಲಿಲ್ಲ. “ನಿನ್ ಕೈ ಒರಟು ಕಣಮ್ಮಿ, ಕೂಸು ಅಳ್ತದೆ” ಎಂದು ಅವಳನ್ನು ಅಟ್ಟುತ್ತಿದ್ದ. ಅವಳು ಒಳಗಿನಿಂದಲೇ, “ಊರ್ ಗಂಡಸ್ರ ತಲೆಯೆಲ್ಲ ಬೋಳ್ಸಿ ಬಂದು ಇಲ್ಲಿ ನಾಜೂಕು” ಎನ್ನುತ್ತಿದ್ದಳು. ಹೆಂಡತಿ ಇಲ್ಲದ ನನಗೆ ಆ ಜಗಳ ಕೇಳುವುದೇ ಒಂದು ಸುಖವಾಗಿತ್ತು.

ಇಂಥ ಮನುಷ್ಯನ ಕೆನ್ನೆಯಲ್ಲಿ ಗಾಯ ಇರುತ್ತಿತ್ತು.

ಒಂದು ಸಲ ಅಲ್ಲ, ಪ್ರತಿ ಬುಧವಾರ. ಮಂಗಳವಾರ ಕ್ಷೌರ ಮಾಡಿಸಬಾರದು, ಆದ್ದರಿಂದ ಅಂಗಡಿಗೆ ಬಾಗಿಲು. ಅವನು ಬೆಳಗಿನ ಬಸ್ಸಿಗೆ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋಗಿ ಸಂಜೆಗೆ ವಾಪಸಾಗುತ್ತಿದ್ದ. ಬುಧವಾರ ನೋಡಿದರೆ ನುಣ್ಣಗೆ ಬೋಳಿಸಿದ ಕೆನ್ನೆಯ ಮೇಲೆ ಅಲ್ಲೊಂದು ಇಲ್ಲೊಂದು ಗೀರು, ಅದರ ಮೇಲೆ ಪಟಿಕದ ಬಿಳಿ ಪುಡಿ. ಊರಲ್ಲಿ ಯಾರ ಮುಖಕ್ಕೂ ಒಂದು ಗೆರೆ ಬೀಳಿಸದ ಕ್ಷೌರಿಕನ ಮುಖವೇ ಹೀಗೆ! ಮೊದಲ ಸಲ ಕಂಡಾಗ ನಾನು ಬೆಚ್ಚಿಬಿದ್ದೆ. ಕೇಳಿದರೆ, “ನನ್ ಚರ್ಮ ಸರಿಯಿಲ್ಲ ಮೇಷ್ಟ್ರೇ” ಎಂದ. ಅಷ್ಟು ಹೇಳುವಾಗ ನನ್ನ ಗಂಟಲ ಮೇಲಿದ್ದ ಅವನ ಕತ್ತಿ ಒಂದು ಗಳಿಗೆ ನಿಂತಿತು. ಗಂಟಲ ಮೇಲೆ ಕತ್ತಿ ಇಟ್ಟವನನ್ನು ಎರಡನೆಯ ಪ್ರಶ್ನೆ ಕೇಳುವ ಜಾಯಮಾನ ನನ್ನದಲ್ಲ.

ಆದರೆ ಪಕ್ಕದ ಹೋಟೆಲಿನ ಶಿವಣ್ಣನ ಬಳಿ ಎಲ್ಲ ಪ್ರಶ್ನೆಗೂ ಉತ್ತರವಿತ್ತು. ಕಾಫಿ ಆರಿಸುತ್ತ, “ಚಾಮರಾಜನಗರದಲ್ಲಿ ಇನ್ನೊಂದು ಸಂಸಾರ ಮಡಗವ್ನೆ ಕಣಿ ಮೇಷ್ಟ್ರೇ” ಎಂದ. “ಆ ಯಮ್ಮಂಗೆ ಉಗುರು ಉದ್ದ. ವಾರಕ್ಕೊಂದ್ಸತಿ ಬಂದ್ರೆ ಸುಮ್ಕಿದ್ದಾಳಾ? ಪರಚ್ತಾಳೆ.”

ಮೂವರು ಹೆಣ್ಣುಮಕ್ಕಳಿಗೆ ಜಡೆ ಹಾಕುವ ಕೈ! ನಾನು ದಂಗಾದೆ. ನಂಬಲಿಲ್ಲ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಎರಡು ದಿನ ನಂಬಲಿಲ್ಲ, ಮೂರನೆಯ ದಿನದಿಂದ ಪೂರ್ತಿ ನಂಬಿದೆ. ಆಮೇಲೆ ಬೆಳಗ್ಗೆ ಜಗಲಿಯ ಕಡೆ ನೋಡುವುದಕ್ಕೇ ನನಗೆ ಸಂಕೋಚವಾಗತೊಡಗಿತು.

ಒಂದು ಬುಧವಾರ ಅವನು ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಅಂಗಡಿ ತೆರೆದ. ಬಾಗಿದಾಗ ಬಟ್ಟೆ ಸರಿಯಿತು. ಗಂಟಲಿನ ಪಕ್ಕದಲ್ಲಿ, ನಾಡಿ ಮಿಡಿಯುವ ಜಾಗದಲ್ಲಿ, ಉದ್ದಕ್ಕೆ ಸೀಳಿತ್ತು. ಇದು ಉಗುರಿನ ಕೆಲಸವಲ್ಲ ಎಂದು ನನಗೂ ಗೊತ್ತಾಯಿತು. ಆ ಸಂಜೆ ನಾನು ಶಾಲೆಯಿಂದ ಬಂದಾಗ ಪುಟ್ಟಮ್ಮ ಬೇಲಿಯ ಹತ್ತಿರ ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು.

“ಮೇಷ್ಟ್ರೇ, ನೀವು ಓದ್ದೋರು. ನೀವು ಯೋಳುದ್ರೆ ಇವ್ರು ಕೇಳ್ತಾರೆ. ಮಂಗಳವಾರ ಅಲ್ಗೆ ಓಗದ ಬುಡುಸ್ಬುಡಿ.”

“ಏನಮ್ಮ ವಿಷಯ? ಎಲ್ಲಿಗೆ ಹೋಗುತ್ತಾನೆ?”

“ಅದ ನಾ ಯೋಳಂಗಿಲ್ಲ, ಮಕ್ಕಳ ಮ್ಯಾಲೆ ಆಣೆ ಆಕ್ಸವ್ರೆ. ದೇವಸ್ಥಾನದ ಇಂದ್ಲ ಬೀದಿ, ಬೇವಿನಮರದ ಮನೆ. ನೀವೇ ಓಗಿ ನೋಡಿ. ಇಂಗೇ ಬುಟ್ರೆ ಒಂದಿನ ಇವ್ರ ಜೀವನೇ ಓಯ್ತದೆ. ಮೂರ್ ಹೆಣ್ಮಕ್ಕಳ ಕಟ್ಕಂಡು ನಾ ಏನ್ ಮಾಡ್ಲಿ?”

ಮುಂದಿನ ಮಂಗಳವಾರ ರಜೆ ಹಾಕಿ, ಅವನು ಹೋದ ಮೇಲಿನ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಏಕಪತ್ನೀವ್ರತದ ಬಗ್ಗೆ ಒಂದು ಭಾಷಣ ಸಿದ್ಧ ಮಾಡಿಕೊಂಡೆ. ನನಗೆ ಒಂದು ಪತ್ನಿಯೂ ಇರಲಿಲ್ಲ, ಆದರೂ ಭಾಷಣ ಚೆನ್ನಾಗಿಯೇ ಬಂತು. ಉಡಿಗಾಲದ ಕಡೆಯವರೊಬ್ಬರು ಕೋಳಿಯ ಬುಟ್ಟಿಯನ್ನು ನನ್ನ ತೊಡೆಯ ಮೇಲಿಟ್ಟಾಗ ಮಧ್ಯದ ಒಂದು ಒಳ್ಳೆಯ ವಾಕ್ಯ ಮರೆತುಹೋಯಿತು. ಚಾಮರಾಜನಗರದಲ್ಲಿ ಇಳಿದು ದೇವಸ್ಥಾನದ ಹಿಂದಿನ ಬೀದಿಗೆ ಬಂದೆ. ಬೇವಿನಮರದ ಮನೆಯ ಮುಂಬಾಗಿಲಲ್ಲಿ ಯಾರೂ ಇರಲಿಲ್ಲ. ಪಕ್ಕದ ಓಣಿಯಿಂದ ಹಿತ್ತಿಲಿಗೆ ಹೋದೆ.

ಮರದ ನೆರಳಲ್ಲಿ ಚೆಲುವಯ್ಯ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಮುಖದ ತುಂಬ ಸೋಪಿನ ನೊರೆ. ಎದುರಿಗೆ ಕುಕ್ಕರಗಾಲಲ್ಲಿ ಕುಳಿತ ಒಬ್ಬ ಮುದುಕ, ಕೈಯಲ್ಲಿ ಬಿಚ್ಚಿದ ಕತ್ತಿ. ಮುದುಕನ ಎರಡು ಕಣ್ಣೂ ತೆಂಗಿನಕಾಯಿಯ ತಿರುಳಿನಷ್ಟು ಬೆಳ್ಳಗಿದ್ದವು. ಎಡಗೈಯಿಂದ ಚೆಲುವಯ್ಯನ ಮುಖ ತಡವುತ್ತ, ಮೂಗೆಲ್ಲಿ, ಕಿವಿಯೆಲ್ಲಿ ಎಂದು ಹುಡುಕುತ್ತಿದ್ದ. ಬಲಗೈ ಗಡಗಡ ನಡುಗುತ್ತಿತ್ತು. ಆ ನಡುಗುವ ಕೈಯ ಕತ್ತಿ ಕಿವಿಯ ಬುಡದಿಂದ ಗಂಟಲಿಗೆ ಇಳಿಯುತ್ತಿತ್ತು. ಬಿಳಿ ನೊರೆಯಲ್ಲಿ ಕೆಂಪು ಗೆರೆ ಎದ್ದಿತು, ಹನಿಯಾಗಿ ಅಂಗಿಯ ಕಾಲರಿಗೆ ಇಳಿಯಿತು.

“ಕುಯ್ತೇನ್ಲಾ?” ಎಂದ ಮುದುಕ.

“ಇಲ್ಲ ಕಣಪ್ಪ. ನಿನ್ ಕೈ ಇನ್ನೂ ಬೆಣ್ಣೆ ಇದ್ದಂಗದೆ” ಎಂದ ಚೆಲುವಯ್ಯ.

ನನ್ನ ಬಾಯಿಂದ ಏನೋ ಸದ್ದು ಹೊರಟಿರಬೇಕು. ಚೆಲುವಯ್ಯ ಕಣ್ಣು ತೆರೆದ. ನನ್ನನ್ನು ಕಂಡು, ತಲೆ ಅಲುಗಿಸದೆ, ತುಟಿಯ ಮೇಲೆ ಬೆರಳಿಟ್ಟ. ಆಗ ನನಗೆ ಎಲ್ಲ ಅರ್ಥವಾಯಿತು, ಇಡೀ ಭಾಷಣ ಮರೆತುಹೋಯಿತು. ಇವನ ಎರಡನೆಯ ಸಂಸಾರ ಎಂದರೆ ಕಣ್ಣು ಹೋದ ಅಪ್ಪ ನಂಜಯ್ಯ ಮತ್ತು ಅಪ್ಪನನ್ನು ನೋಡಿಕೊಳ್ಳುವ ಅಕ್ಕ. ಒಂದು ಕಾಲಕ್ಕೆ ಆ ಬೀದಿಯ ಗಂಡಸರೆಲ್ಲ ನಂಜಯ್ಯನ ಮುಂದೆ ಮುಖ ಒಡ್ಡುತ್ತಿದ್ದರಂತೆ. ಕಣ್ಣಿಗೆ ಪೊರೆ ಬಂದ ಮೇಲೆ ಒಬ್ಬೊಬ್ಬರಾಗಿ ಬಿಟ್ಟರು. ಉಳಿದವನು ಒಬ್ಬನೇ ಗಿರಾಕಿ, ಅವನಿಗೆ ಬಿಡುವು ಇದ್ದದ್ದು ಮಂಗಳವಾರ. ಊರಿಗೆಲ್ಲ ಮಂಗಳವಾರ ಕತ್ತಿ ಮುಟ್ಟಬಾರದು ಎನ್ನುವವನು ಆ ದಿನವೇ ಹೋಗಿ ಇಲ್ಲಿ ಕತ್ತು ಚಾಚುತ್ತಿದ್ದ.

“ಯಾರ್ಲಾ ಬಂದೋರು?” ಎಂದ ಮುದುಕ.

“ನಮ್ಮೂರ ಮೇಷ್ಟ್ರು ಕಣಪ್ಪ.”

ಮುದುಕನ ಮುಖ ಅರಳಿತು. “ಗಡ್ಡ ಮಾಡುಸ್ಕಳಕ್ಕೆ ಬಂದವ್ರಾ? ಕುಂತ್ಕಳಿ ಸ್ವಾಮಿ, ಕುಂತ್ಕಳಿ.”

‘ಇಲ್ಲ, ಬಸ್ಸಿಗೆ ಹೊತ್ತಾಯಿತು’ ಎನ್ನಲು ಬಾಯಿ ತೆರೆದೆ. ಚೆಲುವಯ್ಯ ರಕ್ತ ಒರೆಸಿಕೊಳ್ಳುತ್ತ ನನ್ನ ಕಡೆ ನೋಡಿದ. ಆ ನೋಟಕ್ಕೆ ಇಲ್ಲ ಎನ್ನಲಾಗಲಿಲ್ಲ. ನಾನು ಧೈರ್ಯವಂತನಲ್ಲ, ಜಿರಳೆ ಕಂಡರೆ ಕುರ್ಚಿ ಹತ್ತುವವನು. ಆದರೂ ಆ ಮಣೆಯ ಮೇಲೆ ಕುಳಿತೆ. ಮದುವೆಯಾಗದೆ ಸಾಯುತ್ತೇನಲ್ಲ ಎಂದು ಅಮ್ಮನನ್ನು ನೆನೆದುಕೊಂಡೆ. ಮುದುಕನ ಬೆರಳು ನನ್ನ ಹಣೆ, ಮೂಗು, ದವಡೆ ತಡವಿತು. ನೊರೆ ಹಚ್ಚಿದ. ಚರ್ಮದ ಪಟ್ಟಿಯ ಮೇಲೆ ಕತ್ತಿ ಮಸೆದ. “ಚೆಲುವ, ಒಲೆ ಮ್ಯಾಲೆ ಬಿಸ್ನೀರದೆ, ತಕಬಾ” ಎಂದು ಮಗನನ್ನು ಒಳಗೆ ಕಳಿಸಿದ. ಕತ್ತಿ ನನ್ನ ಕೆನ್ನೆಗೆ ಬಂತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ.

ನೋವಾಗಲಿಲ್ಲ. ಏನೂ ಆಗಲಿಲ್ಲ. ಕೆನ್ನೆಯ ಮೇಲೆ ಮೊಂಡಾದ ಏನೋ ತಣ್ಣಗೆ ಜಾರುತ್ತಿತ್ತು.

“ಎದರ್ಕಬ್ಯಾಡಿ ಸ್ವಾಮಿ,” ಎಂದು ಮುದುಕ ಮೆತ್ತಗೆ ಹೇಳಿದ. “ಇದು ಕತ್ತಿ ಬೆನ್ನು. ಕಂಡೋರ ಮಕ್ಕಳ ಮಕಕ್ಕೆ ನಾನು ಕತ್ತಿ ಬಾಯಿ ಇಡಕ್ಕಿಲ್ಲ.”

ನಾನು ಕಣ್ಣು ಬಿಟ್ಟೆ. “ಅಂದರೆ, ನಿಮಗೆ ಗೊತ್ತೇ?”

“ನೊರೆ ತಣ್ಣಗಿರ್ತದೆ, ನೆತ್ರ ಬಿಸಿ ಇರ್ತದೆ. ನನ್ ಕಣ್ಣು ಓಗಿರ್ಬೋದು, ಬೆರಳು ಓಗಿಲ್ಲ.”

“ಗೊತ್ತಿದ್ದೂ ಮಗನ ಮುಖಕ್ಕೆ...” ಎನ್ನುವಾಗ ನನಗೆ ಸಿಟ್ಟೇ ಬಂದಿತ್ತು. ಹೆಣ್ಣುಮಕ್ಕಳ ಜಡೆಗಳು ಕಣ್ಣ ಮುಂದಿದ್ದವು.

“ಸಾಕು ಬುಡ್ಲಾ ಅಂದೆ ಒಂದ್ಸತಿ. ಊಟ ಬುಟ್ಟು ಕುಂತ್ಕಂಡ. ನಿನ್ ಕೈಗೇನೂ ಆಗಿಲ್ಲ, ನನ್ ಚರ್ಮನೇ ಸರಿಯಿಲ್ಲ ಅಂದ. ಅವನು ಕಸುಬು ಕಲ್ತಿದ್ದು ನನ್ ಮಕದ ಮ್ಯಾಲೆ ಸ್ವಾಮಿ. ಕಂಡೋರ ಮಕ ಕೊಡಕ್ಕಾದದಾ ಕಲಿಯೋರಿಗೆ? ಆಗ ನನ್ ಕೆನ್ನೆಯೆಲ್ಲ ಗಾಯ. ಕುಯ್ತಾ ಅಪ್ಪ ಅಂತ ಅಳೋನು. ಇಲ್ಲ ಕಣ್ ಮಗ, ಬೆಣ್ಣೆ ಇದ್ದಂಗದೆ ನಿನ್ ಕೈ ಅಂತಿದ್ದೆ. ಈಗ ಅದ ಅವನು ನನಗೆ ಯೋಳ್ತಾನೆ. ಬೆನ್ನು ಇಟ್ರೆ ಅವನಿಗೆ ಗೊತ್ತಾಗೋಯ್ತದೆ. ಕಸುಬುದಾರ ಅವನು.”

ಒಳಗಿನಿಂದ ಚೆಲುವಯ್ಯ ಅಕ್ಕನ ಜೊತೆ ಮಾತಾಡುವುದು ಕೇಳಿಸುತ್ತಿತ್ತು. ಪುಟ್ಟಮ್ಮನ ಮಾತು ಹೇಳಲು ಇದೇ ಹೊತ್ತು ಎನಿಸಿತು. “ನಿಮ್ಮ ಸೊಸೆ ಅಳುತ್ತಿದ್ದಾರೆ. ಹೋದ ವಾರ ಗಂಟಲ ಪಕ್ಕದಲ್ಲೇ ಸೀಳಿತ್ತು” ಎಂದೆ.

ಕೆನ್ನೆಯ ಮೇಲಿದ್ದ ಕೈ ನಿಂತಿತು. “ಗಂಟಲಾ?” ಎಂದ. “ಅದು ದವಡೆ ಅಂದ್ಕಂಡಿದ್ದೆ.” ಕತ್ತಿ ಮಡಿಚಲು ನಾಲ್ಕಾರು ಸಲ ತಡವರಿಸಿದ. ಬಿಸಿನೀರು ತಂದ ಚೆಲುವಯ್ಯ ನನ್ನ ಮುಖ ನೋಡಿದ. ಗಡ್ಡ ಇದ್ದ ಹಾಗೇ ಇತ್ತು. ಅದನ್ನು ಕಂಡು ಅವನ ಮುಖ ಹೇಗಾಯಿತೆಂದು ನಾನು ಹೇಳಲಾರೆ. ತಂಬಿಗೆ ಕೆಳಗಿಟ್ಟು, ಗಟ್ಟಿಯಾಗಿ, “ಮೇಷ್ಟ್ರ ಮಕ ಲಕಲಕ ಅಂತದೆ ಕಣಪ್ಪ” ಎಂದ.

ವಾಪಸು ಬರುವಾಗ ಬಸ್ಸಿನಲ್ಲಿ ಒಟ್ಟಿಗೇ ಕುಳಿತೆವು. ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಅವನು ಕಡಲೆಕಾಯಿ ಕೊಂಡು ಅರ್ಧ ನನ್ನ ಕೈಗೆ ಹಾಕಿ, “ಅಪ್ಪಂಗೆ ಏನ್ ಯೋಳುದ್ರಿ ಅಂತ ನಾ ಕೇಳಕ್ಕಿಲ್ಲ ಮೇಷ್ಟ್ರೇ” ಎಂದ. ನಾನು ಕಡಲೆಕಾಯಿ ಸುಲಿಯತೊಡಗಿದೆ.

ಮುಂದಿನ ಬುಧವಾರ ಅವನ ಮುಖದಲ್ಲಿ ಒಂದು ಗೀರೂ ಇರಲಿಲ್ಲ. ವಾರದ ಗಡ್ಡ ಹಾಗೇ ಇತ್ತು. ಅದರ ಮುಂದಿನ ಬುಧವಾರ ಎರಡು ವಾರದ ಗಡ್ಡ. ತಿಂಗಳಾಗುವಷ್ಟರಲ್ಲಿ ಗುಂಡ್ಲುಪೇಟೆಯಲ್ಲಿ ಗಡ್ಡಧಾರಿ ಕ್ಷೌರಿಕನೊಬ್ಬ ಊರಿನ ಗಡ್ಡಗಳನ್ನೆಲ್ಲ ಬೋಳಿಸುತ್ತಿದ್ದ. ಜನ ಕಕ್ಕಾಬಿಕ್ಕಿಯಾದರು. ಹೆಂಡತಿ ಬಸುರಿಯಾದರೆ ಗಂಡ ಕ್ಷೌರ ಮಾಡಿಸಿಕೊಳ್ಳುವುದಿಲ್ಲವಲ್ಲ, ಹೋಟೆಲಿನ ಶಿವಣ್ಣ ಕೂಡಲೇ ತನ್ನ ಹಳೆಯ ಸುದ್ದಿ ಬಿಟ್ಟು ಹೊಸದನ್ನು ಹಿಡಿದ. “ಈ ಸತಿ ಗಂಡೇ ಕಣಿ” ಎಂದು ಎಲ್ಲರಿಗೂ ಸಾರಿದ. ಪುಟ್ಟಮ್ಮ ನೀರಿಗೆ ಹೋದಲ್ಲೆಲ್ಲ ಹೆಂಗಸರು ಅವಳ ಹೊಟ್ಟೆ ನೋಡತೊಡಗಿದರು. ಅವಳು ನಾಚಿಕೆಯಿಂದ ಸತ್ತು, ಆದರೂ ನನ್ನ ಹತ್ತಿರ ಬಂದು, “ಗಡ್ಡ ಮಂಡಿಗಂಟ ಬೆಳೀಲಿ ಮೇಷ್ಟ್ರೇ, ಕತ್ತು ಉಳೀತಲ್ಲ” ಎಂದು ಕೈ ಮುಗಿದಳು.

ನನಗೆ ತಡೆಯಲಾಗಲಿಲ್ಲ. ಕೆಲವು ತಿಂಗಳ ಮೇಲೆ ಒಂದು ದಿನ ಕುರ್ಚಿಯಲ್ಲಿ ಕುಳಿತು, “ಇಲ್ಲಿಗೆ ಬಂದ ಮೇಲೆ ನೀನೇ ಬೋಳಿಸಿಕೊಳ್ಳಬಾರದೇನಯ್ಯ?” ಎಂದೆ.

“ಒಬ್ರು ಮಾಡಿದ ಕ್ಷೌರದ ಮ್ಯಾಲೆ ಇನ್ನೊಬ್ರು ಕತ್ತಿ ಆಡಿಸಬಾರ್ದು ಮೇಷ್ಟ್ರೇ, ಕಸುಬಿಗೆ ಅವಮಾನ. ಅಪ್ಪ ಮಂಗಳವಾರ ತಾನೆ ಮಾಡವ್ನಲ್ಲ” ಎಂದ. ಎದೆಗಿಳಿಯುತ್ತಿದ್ದ ಗಡ್ಡವನ್ನು ಸವರಿಕೊಂಡು ಎಷ್ಟು ಗಂಭೀರವಾಗಿ ಹೇಳಿದನೆಂದರೆ, ನಾನು ನಗಲು ಹೋಗಿ ಬಾಯಿ ಮುಚ್ಚಿಕೊಂಡೆ.

ಬೇಸಿಗೆಯ ರಜೆಯಲ್ಲಿ ಇನ್ನೊಂದು ಸಲ ಅವನ ಜೊತೆ ಹೋಗಿದ್ದೆ. ಮುದುಕ ಆ ಕಾಡುಗಡ್ಡಕ್ಕೆಲ್ಲ ನೊರೆ ಹಚ್ಚಿದ. ಎಷ್ಟು ಸೋಪು ಹಿಡಿಯಿತೋ. ಕತ್ತಿ ಮಸೆದು, ತಿರುಗಿಸಿ, ಬೆನ್ನಿನಿಂದ ನಿಧಾನವಾಗಿ ಎಳೆದ. ಬೆರಳುಗಳು ಗಡ್ಡದೊಳಗೆ ಹೂತುಹೋಗುತ್ತಿದ್ದವು. “ಕುಯ್ತೇನ್ಲಾ?” ಎಂದ. “ಇಲ್ಲ ಕಣಪ್ಪ” ಎಂದ ಮಗ. “ನುಣ್ಣಗಾಯ್ತು ನೋಡು” ಎಂದ ಮುದುಕ. “ಆಯ್ತು ಕಣಪ್ಪ” ಎಂದ ಮಗ. ಇಬ್ಬರಲ್ಲಿ ಒಬ್ಬರಾದರೂ ನಗುತ್ತಾರೆಂದು ನಾನು ಕಾದೆ. ಯಾರೂ ನಗಲಿಲ್ಲ, ಆಮೇಲೆ ಮೂವರೂ ಕುಳಿತು ಮುದ್ದೆ ಉಂಡೆವು.

ಮಳೆಗಾಲ ಕಳೆಯುವ ಹೊತ್ತಿಗೆ ನಂಜಯ್ಯ ತೀರಿಕೊಂಡ. ಮಣ್ಣು ಮಾಡುವಾಗ ಚೆಲುವಯ್ಯ ಅಳಲಿಲ್ಲವಂತೆ. ಅಕ್ಕನನ್ನು ಸಮಾಧಾನ ಮಾಡಿದ, ಬಂದವರಿಗೆಲ್ಲ ಕಾಫಿ ಹೇಳಿದ. ಕಲ್ಲಾಗಿಬಿಟ್ಟವ್ರೆ ಎಂದು ಪುಟ್ಟಮ್ಮ ನನ್ನೆದುರು ಹೆದರಿಕೊಂಡು ಹೇಳಿದಳು. ತಿಥಿಯ ದಿನ ಅವಳ ಮತ್ತು ಮಕ್ಕಳ ಜೊತೆ ನಾನೂ ಚಾಮರಾಜನಗರಕ್ಕೆ ಹೋದೆ.

ಅಪ್ಪ ಸತ್ತರೆ ಮಗ ತಲೆ, ಮೀಸೆ, ಗಡ್ಡ ಎಲ್ಲ ತೆಗೆಸಬೇಕಲ್ಲ. ಹಿತ್ತಿಲಲ್ಲಿ ಅದೇ ಬೇವಿನಮರದ ಕೆಳಗೆ ಮಣೆ ಹಾಕಿದ್ದರು. ಪಕ್ಕದ ಬೀದಿಯ ಕ್ಷೌರಿಕ, ನಡುವಯಸ್ಸಿನ ಸಾಧು ಮನುಷ್ಯ, ಬಂದು ಕುಳಿತ. ಬುದ್ಧಿ ಬಂದಾಗಿನಿಂದ ಚೆಲುವಯ್ಯನ ಮುಖಕ್ಕೆ ಅಪ್ಪನ ಕತ್ತಿಯಲ್ಲದೆ ಬೇರೆಯವರದು ತಾಗಿರಲಿಲ್ಲ. ಬಂದ ಕ್ಷೌರಿಕ ಕತ್ತರಿಯಿಂದ ಮೊದಲು ಆ ಉದ್ದ ಗಡ್ಡ ಇಳಿಸಿ, ಆಮೇಲೆ ನೊರೆ ಹಚ್ಚಿ ಕತ್ತಿ ಹಿಡಿದ. ಚೆಲುವಯ್ಯ ಕಣ್ಣು ಮುಚ್ಚಿಕೊಂಡ. ಆ ಮನುಷ್ಯನ ಕೈ ಚಳಕದ್ದು, ಸರಸರ ಎಂದು ಕೆಲಸ ಮುಗಿಯಿತು. ಇಷ್ಟು ತಿಂಗಳ ಮೇಲೆ ಕಂಡ ಆ ಬರಿಯ ಮುಖವನ್ನು ಗುರುತು ಹಿಡಿಯದೆ ಚಿಕ್ಕ ಮಗಳು ಅಮ್ಮನ ಸೆರಗಿನ ಹಿಂದೆ ಸರಿದಳು.

ಚೆಲುವಯ್ಯ ಮಾತ್ರ ಏಳಲಿಲ್ಲ. ಬಲಗೆನ್ನೆಯನ್ನು ಸವರಿಕೊಂಡು ಅಂಗೈ ನೋಡಿದ. ಎಡಗೆನ್ನೆ ಸವರಿಕೊಂಡು ನೋಡಿದ. ದವಡೆಯ ಕೆಳಗೆ, ಕಿವಿಯ ಹಿಂದೆ, ಗಂಟಲ ಪಕ್ಕದಲ್ಲಿ, ಏನೋ ಕಳೆದುಕೊಂಡವನ ಹಾಗೆ ಬೆರಳಾಡಿಸಿ ಹುಡುಕಿದ. ಅಂಗೈಯಲ್ಲಿ ನೀರು ಬಿಟ್ಟರೆ ಬೇರೇನೂ ಇರಲಿಲ್ಲ. ಅದನ್ನೇ ನೋಡುತ್ತ ಕುಳಿತವನು ಇದ್ದಕ್ಕಿದ್ದಂತೆ ಓ ಎಂದು ಅತ್ತ. ಅಷ್ಟು ದೊಡ್ಡ ಗಂಡಸು ಹಾಗೆ ಅಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಡುಗೆಯವರು ಸೌಟು ಬಿಟ್ಟು ಓಡಿಬಂದರು.

ಕ್ಷೌರ ಮಾಡಿದವನು ಗಾಬರಿಯಾಗಿ ಕತ್ತಿ ಕೆಳಗಿಟ್ಟ. “ಅಣ್ಣ, ನಾ ಎಲ್ಲೂ ಕುಯ್ದಿಲ್ಲ ಕಣಣ್ಣ, ಒಂದು ಗೀರೂ ಬಿದ್ದಿಲ್ಲ, ಬೇಕಾದ್ರೆ ಮೇಷ್ಟ್ರನ್ನೇ ಕೇಳು” ಎಂದು ಅವನು ಆಣೆ ಇಟ್ಟಷ್ಟೂ ಚೆಲುವಯ್ಯ ಇನ್ನೂ ಜೋರಾಗಿ ಅಳುತ್ತಿದ್ದ.